ಕೈಯೇ ತಕ್ಕಡಿ: ಸ್ನಾಯುಬಲದ ಅಳತೆಯ ಚರಿತ್ರೆ

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣವು ಚರಿತ್ರೆಯನ್ನು ಓದಿದವರಿಗೆ ಅಪರಿಚಿತವಾದ ಊರಲ್ಲ. ಮುಂದೆ ತರೀಕೆರೆಯ ಪಾಳೆಯಗಾರರೆಂದು ಹೆಸರಾದ ಮನೆತನದವರು ಮೊದಲು ನೆಲೆಸಿ ಆಳಿದುದು ಇಲ್ಲಿಂದಲೇ. ೧೭ನೆಯ ಶತಮಾನದಲ್ಲಿ ಬಿಜಾಪುರದ ಸೈನ್ಯವು ಊರನ್ನು ಹಿಡಿಯಿತು. ೧೬೮೭ರ ತರುವಾಯ ಮೊಗಲರು ಸೀರೆಯಲ್ಲಿ ಸುಬಾ ಒಂದನ್ನು ಏರ್ಪಡಿಸಿದಾಗ, ಅದಕ್ಕೆ ಸೇರಿದ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದಾಯಿತು. ಪರಗಣವೆಂದ ಮೇಲೆ ಲೆಕ್ಕವುಂಟು. ಲೆಕ್ಕವೆಂದ ಮೇಲೆ ಅಳತೆಯುಂಟು. ನಮ್ಮ ಹಿರಿಯರು ಧಾನ್ಯವನ್ನು ಸೇರು, ಬಳ್ಳ, ಕೊಳಗ, ಖಂಡುಗಗಳಲ್ಲಿ ಅಳೆದರು. ನೆಲವನ್ನು ಕೂಡ ಅದು ಹಿಡಿಯುವ ಬಿತ್ತನೆಯ ಬೀಜದಿಂದ ಅಳೆದು, ಇಷ್ಟು ಖಂಡುಗದ ಗದ್ದೆ, ಇಷ್ಟು ಕೊಳಗದ ಹೊಲ ಎಂದರು. ಆದರೆ ಆ ನೆಲವನ್ನು ಉಳುವ ತೋಳಿನ ಬಲವನ್ನು ಅಳೆಯುವುದಕ್ಕೆ ಅವರಲ್ಲಿ ಯಾವ ಕೊಳಗವಿತ್ತು? ಇಂದಿನ ಭಾಷಣದಲ್ಲಿ ನಾವು ವಿಚಾರಮಾಡಬೇಕೆಂದಿರುವುದು ಈ ಪ್ರಶ್ನೆಯನ್ನು.

ಅಳತೆ ಇರಲೇ ಇಲ್ಲವೆಂದು ಹೇಳುವಂತಿಲ್ಲ. ಗರಡಿಮನೆಯಲ್ಲಿ ಗುಂಡುಕಲ್ಲು ಇತ್ತು. ಅದನ್ನು ಮೊಣಕಾಲಿಗೆ ತಂದವನು ಒಂದು ತರಗತಿ, ಎದೆಗೆ ತಂದವನು ಇನ್ನೊಂದು, ಹೆಗಲನ್ನು ದಾಟಿಸಿ ಹಿಂದಕ್ಕೆ ಎಸೆದವನು ಊರಿಗೇ ಜಟ್ಟಿ. ವೈದ್ಯಶಾಸ್ತ್ರದಲ್ಲಿಯೂ ವಿಚಾರ ನಡೆದಿತ್ತು. ಚರಕಸಂಹಿತೆಯ ವಿಮಾನಸ್ಥಾನವು, ರೋಗಿಯಲ್ಲಿ ಪರೀಕ್ಷಿಸಬೇಕಾದ ಹತ್ತು ಸಂಗತಿಗಳನ್ನು ಹೇಳುವಾಗ, ವ್ಯಾಯಾಮಶಕ್ತಿಯನ್ನೂ ಅವುಗಳಲ್ಲಿ ಸೇರಿಸಿದೆ. ಮನುಷ್ಯನು ಮಾಡಬಲ್ಲ ಕೆಲಸದಿಂದ ಅವನ ಬಲವನ್ನು ಊಹಿಸಿ, ಪ್ರವರ, ಮಧ್ಯಮ, ಅವರ ಎಂದು ಮೂರು ಬಗೆಯಾಗಿ ವಿಂಗಡಿಸಬೇಕೆಂದು ವಿಧಿಸಿದೆ. ಆದರೆ ಈ ಎರಡು ಅಳತೆಗಳಿಗೂ ಒಂದು ಮಿತಿಯುಂಟು. ಇವು ಇಡೀ ಮನುಷ್ಯನನ್ನು ತೂಗುವುವೇ ಹೊರತು ಅವನ ಒಂದೊಂದು ಸ್ನಾಯುವನ್ನು ತೂಗಲಾರವು. ಅಲ್ಲದೆ ಗುಂಡುಕಲ್ಲಿನ ಲೆಕ್ಕ ಪ್ರಾರಂಭವಾಗುವುದು ಬಲವಂತನಿಂದ. ತನ್ನ ಅಂಗೈಯನ್ನೇ ಎತ್ತಲಾರದವನಿಗೆ ಗರಡಿಯಲ್ಲಿ ಸ್ಥಾನವೂ ಇಲ್ಲ, ಅಂಕವೂ ಇಲ್ಲ. ದುರ್ಬಲನ ಬಲಕ್ಕೊಂದು ಅಳತೆ ಬೇಕೆಂಬ ಯೋಚನೆ ಮನುಷ್ಯನಿಗೆ ಬಹಳ ತಡವಾಗಿ ಬಂದಿತು. ಅದನ್ನು ತಂದುದು ಮಕ್ಕಳ ಕಾಯಿಲೆಯೊಂದು.

ಆ ಕಾಯಿಲೆಯೇ ಪೋಲಿಯೋ. ಹಿಂದೆ ಅದಕ್ಕೆ ಮಕ್ಕಳ ಪಾರ್ಶ್ವವಾಯು ಎಂಬರ್ಥದ ಹೆಸರಿತ್ತು. ಇದರ ವಿಷಾಣುವು ಬೆನ್ನುಹುರಿಯ ಮುಂಭಾಗದಲ್ಲಿ, ಸ್ನಾಯುಗಳಿಗೆ ಆಜ್ಞೆ ಕಳುಹಿಸುವ ನರಕೋಶಗಳನ್ನು ಕೊಲ್ಲುತ್ತದೆ. ಯಾವ ಕೋಶ ಸತ್ತಿತೋ ಅದಕ್ಕೆ ಅಧೀನವಾಗಿದ್ದ ಸ್ನಾಯುವಿನ ಎಳೆಗಳು ಸಡಿಲಬೀಳುತ್ತವೆ. ಸೋಜಿಗವೆಂದರೆ ಈ ಹಾನಿಗೆ ಕ್ರಮವಿಲ್ಲ. ಒಂದೇ ಕಾಲಿನಲ್ಲಿ ತೊಡೆಯ ಮುಂದಿನ ಸ್ನಾಯು ಪೂರ್ಣವಾಗಿ ಹೋಗಿ, ಮೀನಖಂಡ ಹಾಗೆಯೇ ಉಳಿದಿರಬಹುದು. ಜ್ವರ ಇಳಿದಮೇಲೆ ಕೆಲವು ಸ್ನಾಯುಗಳು ತಿಂಗಳುಗಟ್ಟಲೆ ನಿಧಾನವಾಗಿ ಚೇತರಿಸಿಕೊಳ್ಳುತ್ತವೆ. ಕೆಲವು ಚೇತರಿಸಿಕೊಳ್ಳುವುದೇ ಇಲ್ಲ. “ಮಗುವಿನ ಕಾಲು ಹೋಯಿತು” ಎಂದರೆ ವೈದ್ಯನಿಗೆ ಏನೂ ತಿಳಿದಂತಾಗಲಿಲ್ಲ. ಕಾಲಿನಲ್ಲಿ ಯಾವುದು ಹೋಯಿತು, ಯಾವುದು ಉಳಿಯಿತು, ಹೋದ ತಿಂಗಳಿಗಿಂತ ಈ ತಿಂಗಳು ಯಾವುದು ಮೇಲಾಯಿತು ಎಂಬುದು ಗೊತ್ತಾದರೆ ತಾನೆ ಚಿಕಿತ್ಸೆ?

ಈ ಅಗತ್ಯವನ್ನು ಮೊದಲು ಮನಗಂಡು ಮಾರ್ಗವನ್ನು ಕಂಡವರು ಅಮೆರಿಕದ ಬಾಸ್ಟನ್ ನಗರದ ಮೂಳೆವೈದ್ಯರಾದ ರಾಬರ್ಟ್ ಲವೆಟ್, ಮತ್ತು ಅವರ ಸಹಾಯಕಿಯಾಗಿದ್ದ ವಿಲ್ಹೆಲ್ಮಿನ್ ರೈಟ್. ಲವೆಟ್ಟರು ಹಾರ್ವರ್ಡಿನಲ್ಲಿ ಪ್ರಾಧ್ಯಾಪಕರು; ರೈಟರು ಮಕ್ಕಳಿಗೆ ವ್ಯಾಯಾಮ ಕಲಿಸುವವರು. ದಿನದಿನವೂ ಮಕ್ಕಳ ಕೈಕಾಲುಗಳನ್ನು ಹಿಡಿದು ನೋಡುತ್ತಿದ್ದ ಆಕೆ ೧೯೧೨ರಲ್ಲಿ ಬಾಸ್ಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ತಮ್ಮ ಕ್ರಮವನ್ನು ಪ್ರಕಟಿಸಿದರು. ಅದಕ್ಕೆ ಬೇಕಾದ ಸಲಕರಣೆ ಎರಡೇ: ಪರೀಕ್ಷಿಸುವವರ ಕೈ, ಮತ್ತು ಭೂಮಿಯ ಆಕರ್ಷಣೆ.

ಈ ಎರಡನೆಯ ಸಲಕರಣೆಯಲ್ಲಿಯೇ ಯುಕ್ತಿಯೆಲ್ಲ ಅಡಗಿದೆ. ಭೂಮಿಯು ಪ್ರತಿಯೊಂದು ಅಂಗವನ್ನೂ ಕೆಳಕ್ಕೆ ಎಳೆಯುತ್ತಿರುತ್ತದೆ. ಆ ಎಳೆತವು ಬಾಸ್ಟನ್ನಿನಲ್ಲಿ ಹೇಗೋ ಬಸವಾಪಟ್ಟಣದಲ್ಲಿಯೂ ಹಾಗೆಯೇ. ಅದಕ್ಕೆ ಬಾಡಿಗೆಯಿಲ್ಲ, ದುರಸ್ತಿಯಿಲ್ಲ. ತನ್ನ ಅಂಗದ ಭಾರವನ್ನು ತಾನೇ ಎತ್ತಬಲ್ಲ ಸ್ನಾಯು ಒಂದು ಕಡೆ, ಎತ್ತಲಾರದ ಸ್ನಾಯು ಇನ್ನೊಂದು ಕಡೆ. ಗರಡಿಯ ಗುಂಡುಕಲ್ಲಿಗೆ ಬದಲಾಗಿ ಪ್ರತಿಯೊಬ್ಬನ ಕೈಕಾಲೂ ಅವನವನ ಗುಂಡುಕಲ್ಲಾಯಿತು. ದೊಡ್ಡವನ ಕೈ ಭಾರ, ಎತ್ತುವ ಸ್ನಾಯುವೂ ದೊಡ್ಡದು. ಮಗುವಿನ ಕೈ ಹಗುರ, ಸ್ನಾಯುವೂ ಸಣ್ಣದು. ಯಾರಿಗೂ ಪಕ್ಷಪಾತವಿಲ್ಲ.

ಶ್ರೋತೃಗಳು ಮೇಜಿನ ಮುಂದೆ ಕುಳಿತಿದ್ದರೆ ಈ ಪರೀಕ್ಷೆಯನ್ನು ತಮ್ಮ ಮೇಲೆಯೇ ಮಾಡಿ ನೋಡಬಹುದು. ತೋಳನ್ನು ಪಕ್ಕಕ್ಕೆ ಇಳಿಬಿಟ್ಟು, ಮೊಣಕೈಯನ್ನು ಮಡಿಸಿ ಮುಂಗೈಯನ್ನು ಹೆಗಲ ಕಡೆಗೆ ತನ್ನಿರಿ. ಭೂಮಿಯ ಎಳೆತವನ್ನು ಮೀರಿ ಅದು ಮೇಲೆ ಬಂದಿತು. ಇದು ಮೂರನೆಯ ಮೆಟ್ಟಿಲು. ಈಗ ಪಕ್ಕದವರನ್ನು ಕರೆದು ಮಣಿಕಟ್ಟಿನ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತುವಂತೆ ಹೇಳಿರಿ. ಅವರ ಒತ್ತಡಕ್ಕೆ ಸ್ವಲ್ಪ ಎದುರುನಿಂತು ಆಮೇಲೆ ಸೋತರೆ ನಾಲ್ಕು; ಸೋಲದೆ ನಿಂತರೆ ಐದು. ಇನ್ನು ಕೆಳಗಿನ ಮೆಟ್ಟಿಲುಗಳು. ತೋಳನ್ನು ಹೆಗಲಿನ ಮಟ್ಟದಲ್ಲಿ ಮೇಜಿನ ಮೇಲೆ ಚಾಚಿ, ಮುಂಗೈಯನ್ನು ಹಲಗೆಯ ಮೇಲೆಯೇ ಅಡ್ಡಲಾಗಿ ಜಾರಿಸಿರಿ. ಇಲ್ಲಿ ಭಾರವನ್ನು ಮೇಜು ಹೊತ್ತಿದೆ. ಎತ್ತಲಾರದಿದ್ದರೂ ಹೀಗೆ ಜಾರಿಸಬಲ್ಲವನಿಗೆ ಎರಡು. ಜಾರಿಸಲೂ ಆಗದವನ ತೋಳಿನ ಮೇಲೆ ಪರೀಕ್ಷಕನು ಬೆರಳಿಟ್ಟು, “ಮಡಿಸಲು ಪ್ರಯತ್ನಪಡಿರಿ” ಎನ್ನುತ್ತಾನೆ. ಚರ್ಮದ ಕೆಳಗೆ ಸ್ನಾಯು ಒಮ್ಮೆ ಮಿಡಿದರೆ ಒಂದು. ಏನೂ ಇಲ್ಲದಿದ್ದರೆ ಸೊನ್ನೆ.

ಲವೆಟ್ಟರ ಕಾಲದಲ್ಲಿ ಇವಕ್ಕೆ ಅಂಕಗಳಿರಲಿಲ್ಲ. ಇಲ್ಲ, ಸುಳಿವು, ಅಲ್ಪ, ಸಾಧಾರಣ, ಒಳ್ಳೆಯದು, ಸಹಜ ಎಂಬರ್ಥದ ಮಾತುಗಳಿದ್ದುವು. ವರ್ಮಾಂಟ್ ಎಂಬ ಬೆಟ್ಟಗಾಡಿನ ಸಂಸ್ಥಾನದಲ್ಲಿ ೧೮೯೪ರಲ್ಲಿ ೧೩೨ ಮಂದಿಗೆ ಪೋಲಿಯೋ ತಗಲಿತ್ತು. ೧೯೧೪ರಲ್ಲಿ ಅದು ಅಲ್ಲಿ ಮರುಕಳಿಸಿದಾಗ ಲವೆಟ್ಟರ ತಂಡವು ಊರಿಂದೂರಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸಿ, ಒಂದೊಂದು ಸ್ನಾಯುವಿನ ಸ್ಥಿತಿಯನ್ನು ಪಟ್ಟಿಯಲ್ಲಿ ಬರೆಯಿತು. ೧೯೧೬ರಲ್ಲಿ ಅಮೆರಿಕದಲ್ಲಿ ಸುಮಾರು ೨೭,೦೦೦ ಜನಕ್ಕೆ ಕಾಯಿಲೆ ಬಂದು ಸುಮಾರು ೬,೦೦೦ ಜನ ಸತ್ತ ಮೇಲೆ, ಈ ಪಟ್ಟಿಯಿಲ್ಲದೆ ಚಿಕಿತ್ಸೆಯೇ ಇಲ್ಲವೆಂಬಂತಾಯಿತು. ಲವೆಟ್ಟರು ಶರೀರಶಾಸ್ತ್ರಜ್ಞರಾದ ಮಾರ್ಟಿನ್ ಎಂಬುವರೊಡನೆ ಸೇರಿ ಸ್ಪ್ರಿಂಗ್ ತಕ್ಕಡಿಯಿಂದ ಬಲವನ್ನು ತೂಗುವ ಪ್ರಯತ್ನವನ್ನೂ ಮಾಡಿದರು. ಅದು ಹೆಚ್ಚು ನಿಖರವಾದುದೇ ಸರಿ. ಆದರೂ ಲೋಕದಲ್ಲಿ ಉಳಿದುದು ತಕ್ಕಡಿಯಲ್ಲ, ಕೈ. ಕೈಗೆ ಪೆಟ್ಟಿಗೆ ಬೇಡ. ಅದು ರೋಗಿಯ ಹಾಸಿಗೆಯವರೆಗೂ ಹೋಗಬಲ್ಲುದು.

ಮಾತುಗಳು ಅಂಕಗಳಾಗಿ ನೆಲೆನಿಂತುದು ಯುದ್ಧದಿಂದ. ಎರಡನೆಯ ಮಹಾಯುದ್ಧದಲ್ಲಿ ಗುಂಡು ತಗಲಿ ನರ ಕತ್ತರಿಸಿದ ಸೈನಿಕರು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ವರ್ಗವಾಗುತ್ತಿದ್ದರು. ಒಬ್ಬ ವೈದ್ಯರು ಬರೆದುದನ್ನು ಮತ್ತೊಬ್ಬರು ಅದೇ ಅರ್ಥದಲ್ಲಿ ಓದಬೇಕಾಗಿತ್ತು. ಆದುದರಿಂದ ಬ್ರಿಟನ್ನಿನ ವೈದ್ಯಸಂಶೋಧನಾ ಮಂಡಲಿಯು ೧೯೪೩ರಲ್ಲಿ ಪರಿಷ್ಕರಿಸಿ ಹೊರಡಿಸಿದ ಪುಟ್ಟ ಕೈಪಿಡಿಯಲ್ಲಿ ಸೊನ್ನೆಯಿಂದ ಐದರವರೆಗಿನ ಅಂಕಗಳನ್ನು ವಿಧಿಸಿತು. ಅಮೆರಿಕದಲ್ಲಿ ೧೯೪೬ರಲ್ಲಿ ಡೇನಿಯಲ್ಸ್, ವಿಲಿಯಮ್ಸ್, ವರ್ದಿಂಗ್‌ಹ್ಯಾಮ್ ಎಂಬ ಮೂವರು ಮಹಿಳೆಯರು, ೧೯೪೯ರಲ್ಲಿ ಕೆಂಡಾಲ್ ದಂಪತಿಗಳು, ಈ ವಿದ್ಯೆಗೆ ಆಧಾರಗ್ರಂಥಗಳನ್ನು ಬರೆದರು. ಬಲವನ್ನು ಕಣ್ಣಿನಿಂದ ಮಾತ್ರ ಅಳೆಯಲಾಗದೆಂಬುದು ಈ ಗ್ರಂಥಗಳ ಮುಖ್ಯ ಬೋಧೆ. ಏಕೆಂದರೆ ದೇಹವು ಜಾಣ. ಸೋತ ಸ್ನಾಯುವಿನ ಕೆಲಸವನ್ನು ನೆರೆಯ ಸ್ನಾಯು ಗುಟ್ಟಾಗಿ ಮಾಡಿಕೊಡುತ್ತದೆ. ಬೆರಳಿಟ್ಟು ನೋಡದವನು ಈ ಉಪಕಾರಿಯನ್ನು ಕಂಡು ಮೋಸಹೋಗುತ್ತಾನೆ.

ಇಷ್ಟು ಸರಳವಾದ ಪರೀಕ್ಷೆಯಿಂದ ಎಷ್ಟು ದೊಡ್ಡ ನಿರ್ಣಯವಾಗಬಹುದೆಂಬುದಕ್ಕೆ ಒಂದು ಉದಾಹರಣೆ ಸಾಕು. ೧೯೫೪ರಲ್ಲಿ ಸಾಲ್ಕರ ಪೋಲಿಯೋ ಲಸಿಕೆಯನ್ನು ಪರೀಕ್ಷಿಸುವ ಮಹಾಪ್ರಯೋಗದಲ್ಲಿ ಸುಮಾರು ೧೮ ಲಕ್ಷ ಮಕ್ಕಳು ಸೇರಿದ್ದರು. ಅವರಲ್ಲಿ ಕಾಯಿಲೆ ತಗಲಿದವರ ಕೈಕಾಲುಗಳಿಗೆ ನಿಜವಾಗಿ ಲಕ್ವ ಹೊಡೆದಿದೆಯೆ, ಹೊಡೆದಿದ್ದರೆ ಎಷ್ಟು ಎಂಬುದನ್ನು ಹೇಳಬೇಕಾದವರು ತರಬೇತು ಹೊಂದಿದ ಭೌತಚಿಕಿತ್ಸಕರು. ಅವರು ಕಾಯಿಲೆ ಬಂದ ಹತ್ತರಿಂದ ಇಪ್ಪತ್ತು ದಿನಗಳೊಳಗೆ ಒಮ್ಮೆ, ಐವತ್ತರಿಂದ ಎಪ್ಪತ್ತು ದಿನಗಳೊಳಗೆ ಇನ್ನೊಮ್ಮೆ ಸ್ನಾಯುಗಳನ್ನು ಕೈಯಿಂದ ಪರೀಕ್ಷಿಸಿ ಅಂಕ ಬರೆದರು. ಮಗುವಿಗೆ ಲಸಿಕೆ ಹಾಕಿತ್ತೆ ಇಲ್ಲವೆ ಎಂಬುದು ಅವರಿಗೆ ತಿಳಿದಿರಲಿಲ್ಲ. ೧೯೫೫ನೆಯ ಏಪ್ರಿಲ್ ೧೨ರಂದು ಲಸಿಕೆಯು ಫಲಕಾರಿಯೆಂದು ಸಾರಿದ ವಾರ್ತೆಯ ಹಿಂದೆ ಈ ನಿಷ್ಪಕ್ಷಪಾತವಾದ ಕೈಗಳ ಸಾಕ್ಷ್ಯವೂ ಇದ್ದಿತು.

ನಮ್ಮ ದೇಶಕ್ಕೆ ಈ ವಿದ್ಯೆಯು ಕ್ರಮವಾಗಿ ಬಂದುದು ಸ್ವಾತಂತ್ರ್ಯಾನಂತರ. ೧೯೫೩ರಲ್ಲಿ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಭೌತಚಿಕಿತ್ಸೆಯ ಶಾಲೆ ಪ್ರಾರಂಭವಾಯಿತು. ಬೆಂಗಳೂರಿನಲ್ಲಿ, ಸ್ವತಃ ಪೋಲಿಯೋವಿಗೆ ಗುರಿಯಾಗಿದ್ದ ಎನ್. ಎಸ್. ಹೇಮಾ ಅವರು ೧೯೫೯ರಲ್ಲಿ ಅಂಗವಿಕಲರ ಸಂಘವನ್ನು ಸ್ಥಾಪಿಸಿದರು. ಮುಂದೆ ೧೯೯೫ರಲ್ಲಿ ದೇಶದಾದ್ಯಂತ ಪಲ್ಸ್ ಪೋಲಿಯೋ ಕಾರ್ಯ ಆರಂಭವಾಯಿತು. ಎರಡು ವರ್ಷಗಳ ತರುವಾಯ, ಹದಿನೈದು ವರ್ಷಕ್ಕೆ ಒಳಪಟ್ಟ ಯಾವ ಮಗುವಿನ ಕೈಕಾಲು ಹಠಾತ್ತಾಗಿ ಸಡಿಲಬಿದ್ದರೂ ವರದಿಮಾಡಬೇಕೆಂಬ ಏರ್ಪಾಡೂ ಬಂದಿತು. ಮಲದ ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸುವುದರ ಜೊತೆಗೆ, ಅರುವತ್ತು ದಿನಗಳ ಮೇಲೆ ವೈದ್ಯಾಧಿಕಾರಿಯು ಆ ಮಗುವನ್ನು ಮತ್ತೆ ಮುಟ್ಟಿ ನೋಡಿ, ಬಲಹೀನತೆ ಉಳಿದಿದೆಯೆ ಎಂಬುದನ್ನು ಬರೆಯಬೇಕು. ದೇಶದಲ್ಲಿ ಕಾಡು ಪೋಲಿಯೋ ವಿಷಾಣುವಿನ ಕೊನೆಯ ಪ್ರಕರಣ ೨೦೧೧ನೆಯ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಾಣಿಸಿತು. ೨೦೧೪ನೆಯ ಮಾರ್ಚ್ ೨೭ರಂದು ನಮ್ಮ ವಲಯವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಮಕ್ಕಳ ಕಾಯಿಲೆಯಿಂದ ಹುಟ್ಟಿದ ಪರೀಕ್ಷೆಯು ಆ ಕಾಯಿಲೆಯನ್ನು ಬೀಳ್ಕೊಡುವ ಕಾರ್ಯದಲ್ಲಿಯೂ ಕೈಜೋಡಿಸಿತು.

ಕಾಯಿಲೆ ಹೋದರೂ ಪರೀಕ್ಷೆಗೆ ಕೆಲಸ ತಪ್ಪಿಲ್ಲ. ಕುಷ್ಠರೋಗವನ್ನು ತೆಗೆದುಕೊಳ್ಳೋಣ. ೨೦೦೫ರಲ್ಲಿ ದೇಶದ ಒಟ್ಟು ಲೆಕ್ಕದಲ್ಲಿ ಅದು ಹತ್ತುಸಾವಿರಕ್ಕೆ ಒಬ್ಬ ರೋಗಿಗಿಂತ ಕೆಳಗಿಳಿಯಿತು; ಆದರೆ ಹೊಸ ರೋಗಿಗಳು ಕಾಣುವುದು ನಿಂತಿಲ್ಲ. ಈ ರೋಗವು ನರಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ಇಲ್ಲಿ ಆರು ಮೆಟ್ಟಿಲಿನ ಏಣಿಯೂ ಬೇಡವೆಂದು ಮೂರನ್ನೇ ಇಟ್ಟುಕೊಂಡಿದ್ದಾರೆ: ಬಲವಿದೆ, ಬಲ ಕುಂದಿದೆ, ಬಲವಿಲ್ಲ. ಆರೋಗ್ಯ ಕಾರ್ಯಕರ್ತರು ರೋಗಿಯ ಅಂಗೈಯನ್ನು ಮೇಲೆಮಾಡಿ, ಕಿರುಬೆರಳನ್ನು ಪಕ್ಕಕ್ಕೆ ಸರಿಸಿ ಹಿಡಿಯುವಂತೆ ಹೇಳಿ, ತಮ್ಮ ಬೆರಳಿನಿಂದ ಒತ್ತಿನೋಡುತ್ತಾರೆ, ಹೆಬ್ಬೆರಳನ್ನು ಮೇಲಕ್ಕೆ ನಿಲ್ಲಿಸಿ ಒತ್ತುತ್ತಾರೆ, ಪಾದವನ್ನು ಮೇಲಕ್ಕೆತ್ತಿಸುತ್ತಾರೆ, ಕಣ್ಣನ್ನು ಮುಚ್ಚಿಸುತ್ತಾರೆ. ಕಳೆದ ಸಲ ಬಲವಿದ್ದ ಕಿರುಬೆರಳು ಈ ಸಲ ಕುಂದಿದ್ದರೆ, ಅದು ಆರು ತಿಂಗಳೊಳಗಿನ ಹಾನಿಯಾಗಿದ್ದರೆ, ಪ್ರೆಡ್ನಿಸೋಲೋನ್ ಮದ್ದಿನಿಂದ ನರವು ಚೇತರಿಸಿಕೊಳ್ಳುವ ಆಸೆಯುಂಟು. ತಡವಾದರೆ ಬೆರಳುಗಳು ಮಡಿಸಿಕೊಂಡು ಕೈ ಕೊಕ್ಕೆಯಾಗುತ್ತದೆ. ಒಂದು ಕ್ಷಣದ ಒತ್ತಡವು ಒಬ್ಬ ಮನುಷ್ಯನ ಬೆರಳುಗಳನ್ನು ಉಳಿಸಬಲ್ಲುದು. ಆದರೆ ಕಳೆದ ಸಲದ ಅಂಕವನ್ನು ಬರೆದಿಟ್ಟಿದ್ದರೆ ಮಾತ್ರ.

ಇಲ್ಲಿಯವರೆಗೆ ನಾವು ಅಂಕದ ಗುಣವನ್ನು ಹೇಳಿದೆವು. ಈಗ ಅದರ ದೋಷವನ್ನೂ ಹೇಳದಿದ್ದರೆ ಚರಿತ್ರೆಗೆ ಅನ್ಯಾಯವಾದೀತು. ಸೊನ್ನೆಯಿಂದ ಐದರವರೆಗಿನ ಈ ಮೆಟ್ಟಿಲುಗಳು ಸಮನಾದ ಎತ್ತರದವಲ್ಲ. ಕೆಳಗಿನ ಮೆಟ್ಟಿಲುಗಳು ಬಹಳ ತಗ್ಗು. ಮೇಲಿನವು ಬಹಳ ಎತ್ತರ. ಮುಂದೆ ಯಂತ್ರಗಳಿಂದ ತೂಗಿ ನೋಡಿದಾಗ, ಮೊಣಕಾಲನ್ನು ಚಾಚುವ ಸ್ನಾಯುವಿಗೆ ಮೂರು ಅಂಕ ಬಂದವನಲ್ಲಿ ಉಳಿದಿರುವ ಬಲವು ಸಹಜಬಲದ ಹತ್ತರಲ್ಲೊಂದು ಪಾಲಿಗೂ ಕಡಮೆಯಾಗಿರಬಹುದೆಂದು ಗೊತ್ತಾಯಿತು. ನಾಲ್ಕನೆಯ ಅಂಕದ ಒಳಗೆ ಸೋತವನೂ ಉಂಟು, ಹೆಚ್ಚುಕಡಮೆ ಗುಣಹೊಂದಿದವನೂ ಉಂಟು. ಐದು ಕೊಟ್ಟ ಪರೀಕ್ಷಕನ ತೋಳು ತಾನೇ ದುರ್ಬಲವಾಗಿದ್ದರೆ ಆ ಐದಕ್ಕೂ ಅರ್ಥವಿಲ್ಲ. ಈ ಅಂಕಗಳು ಕ್ರಮವನ್ನು ಹೇಳುವುವೇ ಹೊರತು ಪ್ರಮಾಣವನ್ನು ಹೇಳುವುದಿಲ್ಲ. ಓಟದ ಪಂದ್ಯದಲ್ಲಿ ಮೊದಲನೆಯವನು, ಎರಡನೆಯವನು ಎಂದರೆ ಅವರ ನಡುವಣ ದೂರ ತಿಳಿಯುವುದುಂಟೆ?

ಆದರೂ ಮನುಷ್ಯನಿಗೆ ಅಂಕ ಕಂಡೊಡನೆ ಕೂಡುವ, ಗುಣಿಸುವ ಚಪಲ. ಕೆಂಡಾಲ್ ದಂಪತಿಗಳೇ ಸಾಧಾರಣವೆಂಬ ಮೆಟ್ಟಿಲಿಗೆ ಶೇಕಡ ಐವತ್ತೆಂಬ ಬೆಲೆ ಕಟ್ಟಿದ್ದರು. ನಮ್ಮ ದೇಶದಲ್ಲಿ ಅಂಗವೈಕಲ್ಯವನ್ನು ನಿರ್ಧರಿಸುವುದಕ್ಕಾಗಿ ೨೦೦೧ರಲ್ಲಿ ಪ್ರಕಟವಾದ ಮಾರ್ಗಸೂಚಿಯು ಇದೇ ಬ್ರಿಟಿಷ್ ಅಂಕಗಳನ್ನು ಹಿಡಿದು, ಸೊನ್ನೆಗೆ ಶೇಕಡ ೧೦೦ ಬಲನಷ್ಟ, ಒಂದಕ್ಕೆ ೮೦, ಎರಡಕ್ಕೆ ೬೦, ಮೂರಕ್ಕೆ ೪೦, ನಾಲ್ಕಕ್ಕೆ ೨೦, ಐದಕ್ಕೆ ನಷ್ಟವೇ ಇಲ್ಲವೆಂದು ಲೆಕ್ಕ ಕಟ್ಟಿತು. ಕೀಲುಗಳ ಚಲನೆ ಮುಂತಾದ ಬೇರೆ ಬಾಬುಗಳೂ ಇದರೊಡನೆ ಸೇರಿ ಒಟ್ಟು ಮೊತ್ತವಾಗುತ್ತದೆಂಬುದು ನಿಜ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮುಖ್ಯವಾದ ಅನೇಕ ಸೌಲಭ್ಯಗಳಿಗೆ ಗೆರೆ ಎಳೆದಿರುವುದು ಶೇಕಡ ನಲವತ್ತರಲ್ಲಿ. ತೊಡೆಯ ಬಲದಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಉಳಿದವನನ್ನು ಅರುವತ್ತು ಪಾಲು ಉಳಿದವನೆಂದು ಬರೆದರೆ, ಅದು ವೈದ್ಯನ ತಪ್ಪಲ್ಲ, ರೋಗಿಯ ತಪ್ಪಲ್ಲ. ಕ್ರಮಸಂಖ್ಯೆಯನ್ನು ಸೇರಿನಂತೆ ಬಳಸಿದ ನಮ್ಮ ಅವಸರದ ತಪ್ಪು.

ಈ ಮಾತು ಎಷ್ಟು ದೂರ ಹೋಗುತ್ತದೆಂಬುದನ್ನು ತಿಳಿಯಲು ಮತ್ತೆ ಬಸವಾಪಟ್ಟಣಕ್ಕೆ ಬರೋಣ. ಬಾಲ್ಯದಲ್ಲಿ ಪೋಲಿಯೋ ಬಂದು ಈಗ ನಡುವಯಸ್ಸು ದಾಟಿದ ರೈತನೊಬ್ಬನನ್ನು ಕಲ್ಪಿಸಿಕೊಳ್ಳಿರಿ. ಇಂಥವರು ನಮ್ಮ ಊರೂರಿನಲ್ಲಿಯೂ ಇದ್ದಾರೆ. ಅವನು ಬಸ್ಸು ಹಿಡಿದು ದಾವಣಗೆರೆಗೆ ಹೋಗಿ ವೈದ್ಯಮಂಡಳಿಯ ಮುಂದೆ ಕುಳಿತುಕೊಳ್ಳುತ್ತಾನೆ. ಕಾಲನ್ನು ಚಾಚೆಂದರೆ ಚಾಚುತ್ತಾನೆ. ಭೂಮಿಯನ್ನು ಗೆದ್ದನು, ಮೂರು ಅಂಕ. ಆದರೆ ಅದೇ ಕಾಲು ಕೆಸರುಗದ್ದೆಯಲ್ಲಿ ಅವನನ್ನು ನಿಲ್ಲಿಸದು, ನೆಲದಿಂದ ಏಳಿಸದು, ಕೋಟೆಯ ಗುಡ್ಡದ ದಾರಿಯನ್ನು ಹತ್ತಿಸದು. ಅಷ್ಟೇ ಅಲ್ಲ; ಪೋಲಿಯೋ ಬಂದ ಹತ್ತಾರು ವರ್ಷಗಳ ಮೇಲೆ ಉಳಿದ ಬಲವೂ ಹೊಸದಾಗಿ ಕುಂದುವುದುಂಟೆಂದು ವೈದ್ಯರು ಅರಿತಿದ್ದಾರೆ. ಹತ್ತು ವರ್ಷದ ಹಿಂದೆ ಇದೇ ಸ್ನಾಯುವಿಗೆ ನಾಲ್ಕು ಅಂಕವಿತ್ತೆಂದು ಯಾರಾದರೂ ತಾರೀಖಿನೊಡನೆ ಬರೆದಿಟ್ಟಿದ್ದರೆ, ಆ ಕಾಗದವೇ ಅವನ ಪರವಾಗಿ ಮಾತನಾಡುತ್ತಿತ್ತು.

ನಮ್ಮ ಅಭಿಪ್ರಾಯವಿಷ್ಟೆ. ಈ ಅಳತೆಯ ಹಿರಿಮೆ ಅದರ ಅಂಕದಲ್ಲಿಲ್ಲ. ಅದೇ ಸ್ನಾಯುವನ್ನು, ಅದೇ ಭಂಗಿಯಲ್ಲಿ, ಆದಮಟ್ಟಿಗೆ ಅದೇ ಕೈ ಮತ್ತೆ ಮತ್ತೆ ನೋಡಿ ಬರೆದಿಡುವ ಪ್ರಾಮಾಣಿಕತೆಯಲ್ಲಿದೆ. ನಿನ್ನೆಗೂ ಇಂದಿಗೂ ಹೋಲಿಸುವಾಗ ಅದು ಸತ್ಯವನ್ನೇ ಹೇಳುವ ಸಾಕ್ಷಿ. ಶೇಕಡಾವಾರು ಲೆಕ್ಕಕ್ಕೆ ಎಳೆದಾಗ ಮಾತು ತಡವರಿಸುವ ಸಾಕ್ಷಿ. ಆದುದರಿಂದ ಮನೆಯಲ್ಲಿ ಇಂಥ ರೋಗಿಗಳಿರುವವರು ಪ್ರತಿಯೊಂದು ಪರೀಕ್ಷೆಯ ಚೀಟಿಯನ್ನೂ ಜೋಪಾನಮಾಡಿ ಇಡಬೇಕೆಂದೂ, ಪರೀಕ್ಷಿಸುವವರು ಅಂಕದ ಪಕ್ಕದಲ್ಲಿ ಆ ಮನುಷ್ಯನು ಏನು ಮಾಡಬಲ್ಲ, ಏನು ಮಾಡಲಾರ ಎಂಬ ಒಂದು ಸಾಲನ್ನು ಬರೆಯಬೇಕೆಂದೂ ನಾವು ಕೋರುತ್ತೇವೆ. ಕೆಲಸದಿಂದ ಬಲವನ್ನು ಊಹಿಸಬೇಕೆಂದು ಚರಕನ ಗ್ರಂಥ ವಿಧಿಸಿದುದು ಇದನ್ನೇ ಅಲ್ಲವೆ?

ಗುಂಡುಕಲ್ಲನ್ನು ಎಸೆದ ಜಟ್ಟಿಯ ಹೆಸರನ್ನು ಊರು ನೆನೆಯುತ್ತದೆ, ಅದು ಸಹಜ. ಆದರೆ ಚರ್ಮದ ಕೆಳಗೆ ಕಣ್ಣಿಗೆ ಕಾಣದಂತೆ ಮಿಡಿದ ಒಂದು ಎಳೆಯನ್ನು ಬೆರಳಿನಿಂದ ಹಿಡಿದು, ಸೊನ್ನೆಯನ್ನು ಅಳಿಸಿ ಅಲ್ಲಿ ಒಂದು ಎಂದು ಬರೆದ ವಿದ್ಯೆಯೂ ಮನುಷ್ಯನ ಪುರುಷಾರ್ಥಗಳಲ್ಲಿ ಸಣ್ಣದಲ್ಲ. ಸೊನ್ನೆಗೂ ಒಂದಕ್ಕೂ ನಡುವೆ ಇರುವ ದೂರವು ಎಷ್ಟೆಂಬುದು, ಮಗುವಿನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ತಾಯಿಗೆ ಗೊತ್ತು.